ಮಗ್ಗದ ಕಟ್ಟಿಗೆಯ ಪೆಟ್ಟಿಗೆ, ಮಾಮಾನ ಆಂಪ್ಲಿಫೈಯರ್

ಮೊನ್ನೆ ನಮ್ಮ ಕಾಲೇಜಿನ ಲ್ಯಾಬಿನಲ್ಲಿ ಹುಡುಗಿಯೊಬ್ಬಳು ಕಾದ ಸೋಲ್ಡರಿಂಗ್ ಕಡ್ಡಿಯನ್ನು ರಾಳದ ಡಬ್ಬಿಗೆ ಅದ್ದಿದಳು. ಚುಂಯ್ ಅಂತ ಬಿಳಿ ಹೊಗೆ ಎದ್ದು ಮೂಗಿಗೆ ಬಂತು. ನಾನು ಬಾಗಲಕೋಟೆಯಲ್ಲಿ ಪಿಯು ಮಕ್ಕಳಿಗೆ ಭೌತಶಾಸ್ತ್ರ ಪಾಠ ಹೇಳುವವಳು. ಇಂಥ ಹೊಗೆಗೆಲ್ಲ ಕಿಟಕಿ ತೆರೆಯಿರಿ ಎಂದು ಗದರಬೇಕಾದವಳು. ಅವತ್ತು ಮಾತ್ರ ಕಿಟಕಿ ತೆರೆಯಲು ಹೇಳಲಿಲ್ಲ, ಇನ್ನೊಂದು ಸಲ ಉಸಿರೆಳೆದುಕೊಂಡೆ. ಅದು ಇಳಕಲ್ಲಿನಲ್ಲಿರುವ ನನ್ನ ಮಾಮಾನ ಅಂಗಡಿಯ ವಾಸನೆ. ನಾಲ್ಕು ವರ್ಷದ ಹಿಂದಿನ ಒಂದು ಮಳೆಗಾಲ ಪೂರ್ತಿ ಆ ವಾಸನೆಯಲ್ಲೇ ಕಳೆದಿತ್ತು. ಆ ಮಳೆಗಾಲದ ಕತೆ ಹೇಳುವಾಗ ನಾನು ಸ್ವಲ್ಪ ಜಂಬ ಕೊಚ್ಚಿಕೊಳ್ಳುತ್ತೇನೆ. ಕೊಚ್ಚಿಕೊಳ್ಳಬಾರದು ಎಂದು ನನಗೆ ಅನ್ನಿಸಿಯೂ ಇಲ್ಲ.

ಮಾಮಾ ಎಂದರೆ ನನ್ನ ಅವ್ವನ ಅಣ್ಣ, ವೀರಭದ್ರಪ್ಪ. ಊರಿಗೆ ಅವರು ಮೋಟಾರು ಸುತ್ತುವ ವೀರಭದ್ರಪ್ಪ. ಹೊಲದ ಪಂಪ್‌ಸೆಟ್ಟು ಸುಟ್ಟರೆ ಒಳಗಿನ ಕರಕಲು ತಂತಿ ತೆಗೆದು ಹೊಸ ತಾಮ್ರದ ತಂತಿ ಸುತ್ತಿ ಕೊಡುವುದು, ಜತೆಗೆ ರೇಡಿಯೋ, ಮಿಕ್ಸರು, ಫ್ಯಾನು. ಮಾತು ಕಡಿಮೆ, ಕೈ ಚುರುಕು. ಆದರೆ ನಮ್ಮ ಮನೆಯಲ್ಲಿ ಮಾತ್ರ ಗೊತ್ತಿದ್ದ ಇನ್ನೊಂದು ಸಂಗತಿಯಿತ್ತು. ಮಾಮಾ ಮೂವತ್ತರ ಹರೆಯದಲ್ಲಿ ಒಂದು ಆಂಪ್ಲಿಫೈಯರ್ ಕಟ್ಟಿದ್ದರು. ಸಾಮಾನ್ಯದ್ದಲ್ಲ, ಬೇಸ್ ಗಿಟಾರಿನದು. ನಾಲ್ಕು ದಪ್ಪ ತಂತಿಯ ಆ ಗಿಟಾರು ಆರ್ಕೆಸ್ಟ್ರಾದಲ್ಲಿ ಹಾಡಿನ ಬುಡ ಹಿಡಿದು ನಿಲ್ಲುತ್ತದೆ. ಅದರ ತಗ್ಗಿನ ದನಿಯನ್ನು ಒಡೆಯದಂತೆ ದೊಡ್ಡದು ಮಾಡುವುದು ಹುಡುಗಾಟದ ಮಾತಲ್ಲ.

ಆಗ ಊರೂರು ತಿರುಗುತ್ತಿದ್ದ ಟೂರಿಂಗ್ ಟಾಕೀಸೊಂದು ಬಾಗಿಲು ಹಾಕಿಕೊಂಡಿತ್ತು. ಅವರ ಸಾಮಾನಿನಲ್ಲಿ ಮಾಮಾನಿಗೆ ನಾಲ್ಕಾರು ವಾಲ್ವುಗಳೂ ಹದಿನೈದು ಇಂಚಿನ ಒಂದು ಸ್ಪೀಕರೂ ಸಿಕ್ಕವು. ವಾಲ್ವು ಅಂದರೆ ಬಲ್ಬಿನಂತೆ ಕಾಣುವ ಗಾಜಿನ ಕೊಳವೆ. ಕಾದು ಕೆಂಪಗಾದ ಮೇಲೆಯೇ ಅದು ಕೆಲಸಕ್ಕೆ ಇಳಿಯುವುದು. ದನಿಯನ್ನು ಸ್ಪೀಕರಿಗೆ ದಾಟಿಸುವ ಟ್ರಾನ್ಸ್‌ಫಾರ್ಮರನ್ನು ಮಾಮಾ ತಾವೇ ಸುತ್ತಿದರು. ಸ್ಪೀಕರಿನ ಪೆಟ್ಟಿಗೆ ಮಾಡಿಕೊಟ್ಟವರು ಮಗ್ಗ ಮಾಡುವ ಮೌನೇಶ ಬಡಿಗೇರರು. ಬಿಚ್ಚಿಹಾಕಿದ್ದ ಹಳೆಯ ಮಗ್ಗವೊಂದರ ಸಾಗವಾನಿ ಕಟ್ಟಿಗೆಯನ್ನೇ ಸೀಳಿ, ಒಂದು ಮೊಳೆಯೂ ಇಲ್ಲದೆ ಬರೀ ಸಂದು ಕೂಡಿಸಿ ಕಟ್ಟಿದ ಪೆಟ್ಟಿಗೆ ಅದು. ಪೆಟ್ಟಿಗೆಯ ಮುಂದಿನ ಬಟ್ಟೆ ನೇಯ್ದವಳು ಆಯಿ, ಮಾಮಾನ ಮತ್ತು ನನ್ನವ್ವನ ತಾಯಿ. ದನಿ ದಾಟಬೇಕು, ಅದಕ್ಕೆ ಜಾಳಾಗಿ ನೇಯಿ ಎಂದು ಮಗ ಹೇಳಿದರೆ, "ಐವತ್ತ ವರ್ಷ ಬಿಗಿ ನೇಯ್ದ ಕೈಗೆ ಈಗ ಜಾಳ ನೇಯಿ ಅಂತಿಯಲ್ಲೋ" ಎಂದು ಬೈಯುತ್ತ ಬೈಯುತ್ತ ನೀಲಿ ಚೌಕುಳಿಯ ಒಂದೂವರೆ ಗಜ ನೇಯ್ದು ಕೊಟ್ಟಳಂತೆ.

ಇದೆಲ್ಲ ನನಗೆ ಅವ್ವ ಹೇಳಿದ್ದು. ಮುಂದಿನದನ್ನು ಹೇಳುವಾಗ ಅವ್ವನ ದನಿ ಸಣ್ಣದಾಗುತ್ತಿತ್ತು. ವಿಜಯದಶಮಿಯ ಸಂಜೆ ಬಾಗಲಕೋಟೆಯಲ್ಲಿ ಒಂದು ಆರ್ಕೆಸ್ಟ್ರಾದ ಕಾರ್ಯಕ್ರಮ. ಮಾಮಾನ ಆಂಪ್ಲಿಫೈಯರ್ ಮೊದಲ ಸಲ ವೇದಿಕೆ ಹತ್ತಿತ್ತು. ಹಿಂದಿನ ದಿನ ಮನೆಯಲ್ಲಿ ಖಂಡೇಪೂಜೆ, ಅಂದರೆ ಆಯುಧಪೂಜೆ. ಮಗ್ಗ, ಲಾಳಿ, ಕತ್ತರಿ, ಸ್ಕ್ರೂಡ್ರೈವರು ಎಲ್ಲದರ ಜತೆಗೆ ಹೊಸ ಆಂಪ್ಲಿಫೈಯರಿಗೂ ಆಯಿ ತನ್ನ ಕೈಯಾರೆ ಪೂಜೆ ಮಾಡಿದ್ದಳು. ವೇದಿಕೆಯ ಮೇಲೆ ಎರಡು ಹಾಡು ಸುಸೂತ್ರ ಆದವು. ಮೂರನೆಯದಕ್ಕೆ ಪೆಟ್ಟಿಗೆಯಿಂದ ಚರಚರ ಸದ್ದು, ಆಮೇಲೆ ಗುಂಯ್ ಅಂತ ಒಂದೇ ಸಮ ಗುಂಗು, ಕೊನೆಗೆ ಫ್ಯೂಸು ಹೋಗಿ ಮೌನ. ಆರ್ಕೆಸ್ಟ್ರಾದ ಮಾಲೀಕ ಮೈಕಿನಲ್ಲೇ, "ಸೀರಿ ಊರಿಂದ ಡಬ್ಬಿ ತಂದ್ರ ಹಿಂಗ ಆಗೂದು ನೋಡ್ರಿ" ಎಂದ. ಜನ ನಕ್ಕರು. ಮಾಮಾ ಎಲ್ಲರೆದುರು ವೇದಿಕೆ ಹತ್ತಿ ತಮ್ಮ ಸಾಮಾನು ತಾವೇ ಹೊತ್ತು ಇಳಿಸಿದರು. ಮನೆಗೆ ಬಂದಾಗ ಆಯಿ ಮಗನ ಬೆನ್ನು ಸವರಿ, "ನಾ ಪೂಜಿ ಮಾಡಿದ್ದಕ್ಕ ಇಷ್ಟರಾಗ ಪಾರಾತು. ಇಲ್ಲಂದ್ರ ಬೆಂಕಿನ ಹತ್ತತಿತ್ತು" ಎಂದಳಂತೆ. ನಮ್ಮ ಮನೆಯಲ್ಲಿ ಈ ಮಾತು ಹೇಳಿಕೊಂಡು ನಾವೆಲ್ಲ ನಗುತ್ತಿದ್ದೆವು. ಮಾಮಾ ಮಾತ್ರ ನಗುತ್ತಿರಲಿಲ್ಲ. ಆಂಪ್ಲಿಫೈಯರನ್ನೂ ಪೆಟ್ಟಿಗೆಯನ್ನೂ ಹಳೆ ಬಟ್ಟೆ ಹೊಲಿದು ಮಾಡಿದ ಒಂದು ಕೌದಿಯಲ್ಲಿ ಸುತ್ತಿ, ಮಗ್ಗದ ಕೋಣೆಯ ಮೂಲೆಗಿಟ್ಟರು. ಮುಂದೆ ಮೂವತ್ತು ವರ್ಷ ಅದನ್ನು ಬಿಚ್ಚಲಿಲ್ಲ, ಇನ್ನೊಂದನ್ನು ಕಟ್ಟಲೂ ಇಲ್ಲ.

ನಾನು ಹೇಳುತ್ತಿರುವ ವರ್ಷ ನಾನಿನ್ನೂ ಹುನಗುಂದದ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ಇಳಕಲ್ಲಿನಲ್ಲಿ ಮಾಮಾನ ಮನೆಯಲ್ಲಿದ್ದು ದಿನಾ ಬಸ್ಸಿಗೆ ಹೋಗಿ ಬರುತ್ತಿದ್ದೆ. ಜೂನಿನಲ್ಲಿ ಬಾದಾಮಿಯ ಜೋಶಿ ಸರ್ ಒಂದು ಮದುವೆಯಲ್ಲಿ ಸಿಕ್ಕರು. ಡಿಗ್ರಿಯಲ್ಲಿ ನಮಗೆ ಇಂಗ್ಲಿಷ್ ಕಲಿಸಿದವರು, ಈಗ ನಿವೃತ್ತರು. ಜೀವಮಾನದ ಹವ್ಯಾಸವೆಂದರೆ ಬೇಸ್ ಗಿಟಾರು ಮತ್ತು ಅದರ ಹಳೆಯ ವಾಲ್ವಿನ ಆಂಪ್ಲಿಫೈಯರುಗಳು. ಕೂಡಲಸಂಗಮದ ಕಡೆಯ ತತ್ವಪದದವರನ್ನು ಕರೆಸಿ, ಏಕತಾರಿಯ ಜತೆಗೆ ಬೇಸ್ ಗಿಟಾರು ಇಟ್ಟು ಧ್ವನಿಮುದ್ರಣ ಮಾಡುವ ಹಂಬಲ ಅವರಿಗೆ. ಒಂದು ಅಮೆರಿಕದ್ದು, ಒಂದು ಇಂಗ್ಲೆಂಡಿನದು, ಎರಡೂ ಅರ್ಧ ಶತಮಾನದ ಹಳೆಯವು, ಪೆಟ್ಟಿಗೆಗಳ ಸಮೇತ ಮನೆಗೆ ತಂದಿಟ್ಟುಕೊಂಡಿದ್ದರು. ಯಾವುದನ್ನು ಇಡಲಿ ಎಂದು ತಕ್ಕಡಿ ಹಿಡಿದು ಕೂತಿದ್ದರು. ನಾನು ಹೋಳಿಗೆ ತಿನ್ನುತ್ತ, "ನಮ್ಮ ಮಾಮಾನೂ ಒಂದು ಮಾಡ್ಯಾರ್ರಿ ಸರ್, ನಿಮ್ಮ ಎರಡಕ್ಕೂ ಕಡಿಮಿ ಇಲ್ಲ" ಎಂದುಬಿಟ್ಟೆ. ಅದರ ದನಿಯನ್ನು ನಾನು ಹುಟ್ಟಿದಾರಭ್ಯ ಕೇಳಿರಲಿಲ್ಲ.

ಜೋಶಿ ಸರ್ ಕನ್ನಡಕ ಸರಿಮಾಡಿಕೊಂಡು, "ಹೌದೇನವ್ವಾ? ಹಂಗಾರ ತೊಗೊಂಡು ಬಾ. ಹೊಗಳಿಕಿ ಬ್ಯಾಡ, ದನಿ ಕೇಳಸು" ಎಂದರು.

ಮನೆಗೆ ಬಂದು ಮಾಮಾನಿಗೆ ಹೇಳಿದೆ. ಅವರು ಸುತ್ತುತ್ತಿದ್ದ ಮೋಟಾರಿನಿಂದ ತಲೆ ಎತ್ತಲಿಲ್ಲ.

"ಅದು ಡಬ್ಬಿ ಅಂತ ಊರಿಗೆಲ್ಲ ಗೊತ್ತೈತಿ ಶೈಲಾ. ಮತ್ತೊಮ್ಮೆ ಯಾಕ ಅನಿಸ್ಕೊಳ್ಳೂದು?"

"ಡಬ್ಬಿ ಹೌದೋ ಅಲ್ಲೋ ನನಗ ಗೊತ್ತಾಗಬೇಕಲ್ರಿ. ನಾ ಸರ್ ಮುಂದ ಮಾತ ಕೊಟ್ಟು ಬಂದೇನಿ."

ಮಾಮಾ ಮೋಟಾರಿಗೆ ಇನ್ನೊಂದು ಸುತ್ತು ತಂತಿ ಎಳೆದು, "ಆಯೀದು ವರ್ಷದ್ದು ಮುಗೀಲಿ. ಆಮ್ಯಾಲ ನೋಡೂಣು" ಎಂದರು. ಆಯಿ ಹೋಗಿ ಹತ್ತು ತಿಂಗಳಾಗಿತ್ತು. ವರ್ಷ ತುಂಬುವತನಕ ಮನೆಯಲ್ಲಿ ಪದ, ವಾದ್ಯ ಬೇಡ ಎಂಬ ಅರ್ಥದಲ್ಲಿ ಹೇಳಿದರು ಎಂದುಕೊಂಡೆ. ದೊಡ್ಡವರು ಹೇಳಿದ್ದಕ್ಕೆಲ್ಲ ನಮಗೆ ಗೊತ್ತಿರುವ ಅರ್ಥವನ್ನೇ ಹಚ್ಚಿಕೊಳ್ಳುತ್ತೇವೆ.

ಆ ವರ್ಷ ನಮ್ಮ ಕಡೆ ಮಳೆ ಹದವಾಗಿತ್ತು. ನಮ್ಮ ಮಳೆ ದಿನವಿಡೀ ಸುರಿಯುವಂಥದಲ್ಲ. ಮಧ್ಯಾಹ್ನ ಬಿಸಿಲು ಉರಿದು ಸಂಜೆ ನಾಲ್ಕಕ್ಕೆ ಒಮ್ಮೆ ಜೋರಾಗಿ ಬಂದು ಹೋಗುತ್ತದೆ. ಬಸ್ಸಿನ ಕಿಟಕಿಯಿಂದ ನೋಡಿದರೆ ಕರಿ ಮಣ್ಣಿನ ಎರಿ ಹೊಲಗಳಲ್ಲಿ ಹೆಸರಿನ ಬೆಳೆ ಮೊಳಕಾಲೆತ್ತರ ಬಂದಿತ್ತು. ಕಲ್ಲು ಕೊರೆಯುವ ಕಾರ್ಖಾನೆಗಳ ಕೆಂಪು ಧೂಳು ಅಡಗಿ ಊರು ತೊಳೆದಿಟ್ಟ ಹಾಗೆ ಕಾಣುತ್ತಿತ್ತು. ಶ್ರಾವಣದ ಕೊನೆಗೆ ಆಯಿಯ ವರ್ಷದ ಕಾರ್ಯ ಮುಗಿಯಿತು. ಮರುದಿನ ಬೆಳಿಗ್ಗೆ ನಾನು ರೊಟ್ಟಿ ತಿನ್ನುತ್ತಿದ್ದಾಗ ಮಾಮಾ ತಾವಾಗಿಯೇ ಬಂದು, "ನಿಮ್ಮ ಸರ್ ಕರದ ಮಾತು ಇನ್ನೂ ಐತೇನು?" ಎಂದರು. ಇದ್ದೇ ಇತ್ತು.

ಕೌದಿ ಬಿಚ್ಚಿದ್ದು ಅದೇ ಭಾನುವಾರ. ಮಗ್ಗದ ಕೋಣೆಯಲ್ಲಿ ಆಯಿಯ ಕುಣಿಮಗ್ಗ ಖಾಲಿ ನಿಂತಿತ್ತು. ಕೌದಿಯ ಒಳಗೆ ಪೆಟ್ಟಿಗೆ ಒಂದು ಗೀರೂ ಇಲ್ಲದೆ ಕೂತಿತ್ತು. ಮಗ್ಗವಾಗಿದ್ದಾಗ ಹಗ್ಗ ಕಟ್ಟಿದ ತೂತುಗಳನ್ನು ಬಡಿಗೇರರು ಅಚ್ಚುಕಟ್ಟಾಗಿ ಬೆಣೆ ತುಂಬಿ ಮುಚ್ಚಿದ್ದರು. ಆಯಿ ನೇಯ್ದ ನೀಲಿ ಚೌಕುಳಿಯ ಒಂದು ಎಳೆಯೂ ಸಡಿಲಾಗಿರಲಿಲ್ಲ. ಆಂಪ್ಲಿಫೈಯರನ್ನು ಮೇಜಿನ ಮೇಲಿಟ್ಟು ಸ್ಕ್ರೂಡ್ರೈವರನ್ನು ಮಾಮಾನ ಕೈಗೆ ಕೊಡಹೋದೆ. ಅವರು ಹಿಂದೆ ಸರಿದರು.

"ನೀನ ತಗಿ. ನನ್ನ ಕಣ್ಣು ಈಗ ಮೊದಲಿನಂಗಿಲ್ಲ."

ಅವರ ಕಣ್ಣು ಕೂದಲೆಳೆಯಂಥ ತಂತಿ ಸುತ್ತಲು ಸರಿಯಾಗೇ ಇತ್ತು. ಅವಮಾನದ ಸಾಮಾನು ಕಣ್ಣಿನಿಂದ ನೋಡಲು ಮನಸ್ಸಿಲ್ಲ ಎಂದುಕೊಂಡು ನಾನೇ ತೆಗೆದೆ. ಮಾಮಾ ಅಂಗಡಿಯ ಕಟ್ಟೆಗೆ ಹೋಗಿ ಕೂತರು.

ತಿರುವಿಟ್ಟು ಒಳಗೆ ನೋಡಿದೆ. ತಂತಿಗಳೆಲ್ಲ ಸರಿಯಾದ ಮೂಲೆಯಲ್ಲಿ ಬಾಗಿ, ಒಂದರ ಪಕ್ಕ ಒಂದು, ಮಗ್ಗದ ಮೇಲಿನ ಹಾಸಿನ ಎಳೆಗಳ ಹಾಗೆ ಸಾಲಾಗಿದ್ದವು. ಇದನ್ನು ಡಬ್ಬಿ ಎಂದವನ ಮೇಲೆ ನನಗೆ ಅಲ್ಲೇ ಸಿಟ್ಟು ಬಂತು. ಒಣಗಿದ ಕೆಪಾಸಿಟರುಗಳನ್ನು ಬದಲಾಯಿಸಬೇಕು, ಅದು ವಯಸ್ಸಿನ ದೋಷ. ಆದರೆ ಮೂವತ್ತು ವರ್ಷದ ಹಿಂದೆ ಕೆಟ್ಟದ್ದು ಯಾವುದು? ಎರಡು ತಾಸು ಮೀಟರು ಹಚ್ಚಿ ನೋಡಿದೆ. ಕೊನೆಗೆ ಭೂತಗಾಜು ಹಿಡಿದು ದೊಡ್ಡ ವಾಲ್ವಿನ ಸಾಕೆಟ್ಟು ನೋಡಿದಾಗ ಸಿಕ್ಕಿತು. ಕಂದು ಬಣ್ಣದ ಬೇಕಲೈಟಿನ ಸಾಕೆಟ್ಟು. ಅದರ ಎರಡು ಕಾಲುಗಳ ನಡುವೆ ಕೂದಲಿಗಿಂತ ಸಣ್ಣ ಒಂದು ಕರಿ ಗೆರೆ. ಸುತ್ತ ಬಿಳಿಯ ಒಣ ಕಲೆ. ಕಲೆಯ ಅಂಚಿನಲ್ಲಿ ಒಂದಿಷ್ಟು ಕೆಂಪು ಪುಡಿ.

ಕೆಂಪು ಪುಡಿಯನ್ನು ಬೆರಳಿಗೆ ಹಚ್ಚಿಕೊಂಡು ನೋಡಿದೆ. ಕುಂಕುಮ. ಬಿಳಿ ಕಲೆ ಏನೆಂದು ತಿಳಿಯಲು ಭೌತಶಾಸ್ತ್ರ ಬೇಕಾಗಲಿಲ್ಲ. ನಮ್ಮ ಕಡೆ ಖಂಡೇಪೂಜೆಗೆ ಕಾಯಿ ಒಡೆದು ಆ ನೀರನ್ನು ಲಾರಿಗಾಗಲಿ ಮಗ್ಗಕ್ಕಾಗಲಿ ಮೇಲೇ ಹಾಕುತ್ತಾರೆ. ಆಯಿ ಆಂಪ್ಲಿಫೈಯರಿಗೂ ಹಾಗೇ ಹಾಕಿದ್ದಳು. ಮೇಲಿನ ಜಾಲರಿಯಿಂದ ಇಳಿದ ಕಾಯಿನೀರು ಸಾಕೆಟ್ಟಿನಲ್ಲಿ ಒಣಗಿತ್ತು. ಕಾಯಿನೀರಿನಲ್ಲಿ ಉಪ್ಪಿದೆ, ಉಪ್ಪಿನ ಮೇಲೆ ವಿದ್ಯುತ್ತು ಹರಿಯುತ್ತದೆ. ವೇದಿಕೆಯ ಮೇಲೆ ಎರಡು ಹಾಡಿಗೆ ಕಾದು ಮೂರನೆಯದಕ್ಕೆ ಅಲ್ಲೇ ಕಿಡಿ ಹಾರಿ, ಸುಟ್ಟ ದಾರಿ ಕರಿ ಗೆರೆಯಾಗಿ ಉಳಿದಿತ್ತು. ಮಾಮಾ ಕಟ್ಟಿದ್ದರಲ್ಲಿ ಒಂದು ತಪ್ಪೂ ಇರಲಿಲ್ಲ.

ಓಡಿಹೋಗಿ ಹೇಳಬೇಕೆಂದು ಎದ್ದವಳು ಬಾಗಿಲಲ್ಲಿ ನಿಂತೆ. ತಾಯಿಯ ವರ್ಷದ ಕಾರ್ಯ ಮಾಡಿ ಇನ್ನೂ ವಾರವಾಗಿಲ್ಲ. ಅಂಥವರಿಗೆ, ನಿಮ್ಮ ತಲೆ ತಗ್ಗಿಸಿದ್ದು ನಿಮ್ಮವ್ವನ ಕೈ ಎಂದು ಹೇಳುವುದೇ? ಬಾಯಿ ಮುಚ್ಚಿಕೊಂಡೆ. ಹೊರಗೆ ಬಂದು, "ಮಾಮಾ, ಒಂದು ಸಾಕೆಟ್ ಸಡಿಲ ಐತಿ. ಪಿಂಗಾಣಿದು ಸಿಕ್ರ ಭೇಷ ಆಗ್ತಿತ್ತು. ಹುಬ್ಬಳ್ಳಿಂದ ತರಸೂಣೇನ್ರಿ?" ಎಂದಷ್ಟೇ ಕೇಳಿದೆ.

ಮಾಮಾ ಎದ್ದು ದುಡ್ಡಿನ ಗಲ್ಲೆಯ ಕೆಳಗಿನ ಡ್ರಾವರು ಎಳೆದರು. ಹಿಂದಿನ ಮೂಲೆಗೆ ಕೈ ಹಾಕಿ ಒಂದು ಪೊಟ್ಟಣ ತೆಗೆದು ಕೊಟ್ಟರು. ಹಳದಿಗಟ್ಟಿದ ಪೇಪರಿನಲ್ಲಿ ಎರಡು ಪಿಂಗಾಣಿ ಸಾಕೆಟ್ಟುಗಳು, ಹೊಚ್ಚ ಹೊಸವು. ಪೇಪರಿನಲ್ಲಿ ದಸರಾ ಆನೆಯ ಚಿತ್ರವಿತ್ತು. ರಿಪೇರಿ ಅಂಗಡಿಯಲ್ಲಿ ಏನು ಬೇಕಾದರೂ ಸಿಗುತ್ತದೆ ಎಂದುಕೊಂಡು ನಾನು ಖುಷಿಯಿಂದ ಒಳಗೆ ಓಡಿದೆ.

ಭಾದ್ರಪದದ ಮೂರು ವಾರ ಅದೇ ಕೆಲಸ. ಕಾಲೇಜು ಮುಗಿಸಿ ನಾಲ್ಕೂವರೆಯ ಬಸ್ಸಿಗೆ ಬಂದರೆ ಸೋಲ್ಡರಿಂಗ್ ಕಡ್ಡಿ ಕಾಯಿಸಿಕೊಂಡು ಕೂತುಬಿಡುತ್ತಿದ್ದೆ. ಸಾಕೆಟ್ಟು ಬದಲಾದ ಮೇಲೆ ಮಾಮಾನೂ ಮೆಲ್ಲಗೆ ಹತ್ತಿರ ಬಂದರು. ಮೊದಲು ನಾಲ್ಕು ಮಾರು ದೂರ, ಆಮೇಲೆ ಹೆಗಲ ಹಿಂದೆ. "ಸೋಲ್ಡರ್ ಅಷ್ಟ್ಯಾಕ ಬಡೀತಿ, ಮೆತ್ತೂದಲ್ಲ ಅದು, ಹರೀಬೇಕು" ಎಂದು ನನ್ನ ಕೈಯಿಂದ ಕಡ್ಡಿ ಕಸಿದುಕೊಂಡ ದಿನ ನನಗೆ ಪಗಾರ ಕೈಗೆ ಬಂದಷ್ಟು ಸಮಾಧಾನವಾಯಿತು. ಸ್ಪೀಕರಿನ ಕಾಗದದ ಅಂಚು ಒಂದು ಕಡೆ ಹರಿದಿತ್ತು. ಸೀರೆ ಸುತ್ತುವ ತೆಳು ಕಾಗದ ತಂದು, ಹಿಟ್ಟಿನ ಸರಿ ಹಚ್ಚಿ, ಅವರೇ ಒಂದು ಮಧ್ಯಾಹ್ನ ಕೂತು ಅಂಟಿಸಿದರು.

ಆಂಪ್ಲಿಫೈಯರಿಗೆ ಮತ್ತೆ ಜೀವ ಕೊಟ್ಟ ದಿನ ಹೊರಗೆ ಮಳೆ. ಒಮ್ಮೆಲೇ ಪೂರ್ತಿ ವಿದ್ಯುತ್ತು ಕೊಡಬಾರದೆಂದು ನಡುವೆ ಒಂದು ಬಲ್ಬು ಜೋಡಿಸಿದ್ದೆವು. ಒಳಗೆಲ್ಲಾದರೂ ತಪ್ಪಿದ್ದರೆ ಅದು ಜೋರಾಗಿ ಉರಿದು ಹೇಳಿಬಿಡುತ್ತದೆ. ಬಲ್ಬು ಒಮ್ಮೆ ಮಿನುಗಿ ಮಬ್ಬಾಯಿತು. ವಾಲ್ವುಗಳ ಒಳಗೆ ಕಿತ್ತಳೆ ಬಣ್ಣ ನಿಧಾನವಾಗಿ ಏರಿತು. ಧೂಳು ಕಾದ ವಾಸನೆ, ಟ್ರಾನ್ಸ್‌ಫಾರ್ಮರಿನ ಅರಗಿನ ವಾಸನೆ, ರಾಳದ ವಾಸನೆ. ಮಾಮಾ ಬೆರಳಿನಿಂದ ಗಿಟಾರಿಗೆ ಜೋಡಿಸುವ ತಂತಿಯ ತುದಿ ಮುಟ್ಟಿದರು. ಪೆಟ್ಟಿಗೆಯಿಂದ ಧೊಂ ಅಂತ ಒಂದು ದನಿ ಹೊರಟು, ಆಯಿಯ ಮಗ್ಗದ ಮೇಲೆ ತೂಗುತ್ತಿದ್ದ ಹಲಗೆ ನಡುಗಿತು. ಗುಂಗು ಇಲ್ಲ, ಚರಚರ ಇಲ್ಲ. ಮಾಮಾ ಕೈ ಹಿಂದೆ ತೆಗೆದುಕೊಂಡು, "ಐತಿ" ಎಂದರು. ಅಷ್ಟೇ.

ಬಾದಾಮಿಗೆ ಹೋದದ್ದು ಮಹಾನವಮಿಗೆ ಹದಿನೈದು ದಿನ ಮೊದಲು, ಒಂದು ಭಾನುವಾರ. ಬಾಡಿಗೆ ಟೆಂಪೋದಲ್ಲಿ ಪೆಟ್ಟಿಗೆಗೆ ಅದೇ ಕೌದಿ ಹೊದಿಸಿದೆವು. ವಾಲ್ವುಗಳನ್ನು ಮಾತ್ರ ಮಾಮಾ ಹಿಂದೆ ಇಡಲು ಒಪ್ಪಲಿಲ್ಲ. ಸ್ಟೀಲಿನ ರೊಟ್ಟಿ ಡಬ್ಬಿಯಲ್ಲಿ ಮಗ್ಗದ ನೂಲಿನ ಚೂರು ಹಾಸಿ, ಅದರೊಳಗೆ ವಾಲ್ವು ಮಲಗಿಸಿ, ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡೇ ಕೂತರು. ಗುಡೂರಿನಲ್ಲಿ ಚಹಾಕ್ಕೆ ಇಳಿದಾಗಲೂ ಡಬ್ಬಿ ಬಿಡಲಿಲ್ಲ. ಹೋಟೆಲಿನವ, "ಅಣ್ಣಾರ, ಬುತ್ತಿ ಬಿಚ್ಚರಿ, ಚಟ್ನಿ ಕೊಡ್ತೇನಿ" ಎಂದ. ಮಾಮಾ ಗಂಭೀರವಾಗಿ, "ಇದು ಬಾದಾಮ್ಯಾಗ ಬಿಚ್ಚೂ ಬುತ್ತಿರಿ" ಎಂದರು. ಅವರು ಹಾಗೆ ಮಾತಾಡಿದ್ದು ಕೇಳಿ ನಾನು ಚಹಾದ ಬಸಿ ಕೆಳಗಿಟ್ಟು ನಕ್ಕೆ.

ಜೋಶಿ ಸರ್ ಮನೆಯ ಪಡಸಾಲೆ ಕೆಂಪು ಕಲ್ಲಿನದು, ವಿಶಾಲ. ಯಾವುದು ನುಡಿಯುತ್ತಿದೆ ಎಂದು ಕೇಳುವವರಿಗೆ ಕಾಣದಂತೆ ಅಡ್ಡಲಾಗಿ ಎರಡು ಚಾದರ ಕಟ್ಟಿ ಪರದೆ ಮಾಡಿದ್ದರು. ಗಿಟಾರು ಬಾರಿಸಲು ಹುನಗುಂದ ಕೋರ್ಟಿನಲ್ಲಿ ಟೈಪಿಸ್ಟ್ ಆಗಿರುವ ಪ್ರಕಾಶ ಎಂಬವರು ಬಂದಿದ್ದರು, ಐವತ್ತು ದಾಟಿದವರು. ಹಾಡಲು ಕೂಡಲಸಂಗಮದ ಕಡೆಯ ಬಸಮ್ಮ. ಹೊಲದ ಕೆಲಸದ ಹೆಣ್ಣುಮಗಳು, ಏಕತಾರಿ ಹಿಡಿದರೆ ಬೇರೆಯೇ ಆಗಿಬಿಡುವವಳು. ಪ್ರಕಾಶರನ್ನು ಕಂಡದ್ದೇ ಮಾಮಾನ ಕಾಲು ಹೊಸ್ತಿಲಲ್ಲೇ ನಿಂತಿತು. ನನ್ನ ಕಿವಿಯಲ್ಲಿ, "ಅವತ್ತು ಸ್ಟೇಜಿನ ಮ್ಯಾಲ ಬಾರಿಸಿದಾಂವ ಇವನ" ಎಂದರು. ಪ್ರಕಾಶರಿಗೆ ಗುರುತು ಸಿಕ್ಕಂತೆ ಕಾಣಲಿಲ್ಲ. ಒಂದು ಸಲ ಡಬ್ಬಿ ಅನ್ನಿಸಿಕೊಂಡದ್ದು ಅದೇ ಕೈಯಲ್ಲಿ ಎರಡನೇ ಸಲ ಅನ್ನಿಸಿಕೊಂಡರೆ ಮಾಮಾನನ್ನು ಮತ್ತೆ ಊರಿಗೆ ಹೇಗೆ ಕರೆದೊಯ್ಯಲಿ?

ಪರದೆಯ ಹಿಂದೆ ನಿಂತವಳು ನಾನು. ಮೂರು ಆಂಪ್ಲಿಫೈಯರು, ಮೂರು ಪೆಟ್ಟಿಗೆ. ಮೊದಲು ಅವವುಗಳ ಪೆಟ್ಟಿಗೆಯೊಡನೆ, ಆಮೇಲೆ ಅದಲು ಬದಲು. ಜೋರಾದದ್ದೇ ಚೆನ್ನ ಎಂದು ಕಿವಿ ಮೋಸಹೋಗುತ್ತದೆ. ಅದಕ್ಕೆ ಮೂರನ್ನೂ ಮೀಟರಿನಲ್ಲಿ ಅಳೆದು ಒಂದೇ ಮಟ್ಟಕ್ಕೆ ತಂದೆ. ವಾಲ್ವಿನ ಆಂಪ್ಲಿಫೈಯರಿಗೆ ಸ್ಪೀಕರು ಇಲ್ಲದೆ ದನಿ ಕೊಟ್ಟರೆ ಟ್ರಾನ್ಸ್‌ಫಾರ್ಮರು ಸುಟ್ಟುಹೋಗುತ್ತದೆ, ಆದ್ದರಿಂದ ಪ್ರತಿ ಸಲವೂ ಆರಿಸಿ, ತಂತಿ ಬದಲಿಸಿ, ಮತ್ತೆ ಕಾಯಲು ಬಿಡಬೇಕು. ಮಾಮಾನಿಗೂ ಒಂದು ಕುರ್ಚಿ ಹಾಕಿದ್ದರು. ಅವರು ಕೂಡಲಿಲ್ಲ. "ನನ್ನ ಕೂಸಿನ ದನಿ ನನಗ ಗೊತ್ತಾಗ್ತೈತ್ರಿ ಸರ್. ನಾ ಇಲ್ಲಿದ್ರ ನನ್ನ ಮಾರಿ ನೋಡಿ ನೀವೂ ತಿಳಕೋತೀರಿ. ಅದು ನ್ಯಾಯ ಅಲ್ಲ" ಎಂದು ಹೊರಗೆ ಕಟ್ಟೆಯ ಮೇಲೆ, ಮಂಗಗಳ ಜತೆ ಹೋಗಿ ಕೂತರು.

ಅಮೆರಿಕದ್ದು ಮೊದಲು. ದುಂಡಗಿನ, ತುಂಬಿದ ದನಿ, ಅದರ ಮುಂದೆ ನಾಚಿಕೊಳ್ಳಬೇಕು. ಇಂಗ್ಲೆಂಡಿನದು ಮೆಲ್ಲಗಿದ್ದಾಗ ಸಪ್ಪೆ, ಜೋರು ಮಾಡಿದಾಗ ಗಂಟಲು ಬಿರುಸಾಗಿ ಗುರುಗುಡುತ್ತದೆ. ಆ ಬಿರುಸಿಗೇ ಪ್ರಾಣ ಕೊಡುವವರಿದ್ದಾರಂತೆ. ಮೂರನೆಯದು ನಮ್ಮದು. ಖರೆ ಹೇಳಬೇಕೆಂದರೆ ಪೂರ್ತಿ ಜೋರಿಗೆ ಮೊದಲು ಸೋತದ್ದು ನಮ್ಮದೇ, ತೀರಾ ತಗ್ಗಿನ ಸ್ವರ ಸಡಿಲಾಯಿತು. ಅದರ ತಾಕತ್ತು ಉಳಿದವುಗಳ ಅರ್ಧ. ಆದರೆ ಮಧ್ಯಮ ದನಿಯಲ್ಲಿ ಪ್ರಕಾಶರು ಒಂದರ ಹಿಂದೊಂದು ಬೇಗ ಬೇಗ ಸ್ವರ ಬಿಟ್ಟಾಗ, ಪ್ರತಿಯೊಂದೂ ಬಿಡಿಬಿಡಿಯಾಗಿ, ಉಗುರು ತಂತಿ ಬಿಟ್ಟ ಗಳಿಗೆಯೂ ಕೇಳುವ ಹಾಗೆ ಬಂತು.

ಅದಲು ಬದಲು ಮಾಡುತ್ತ ಅಮೆರಿಕದ ಆಂಪ್ಲಿಫೈಯರಿಗೆ ನಮ್ಮ ಪೆಟ್ಟಿಗೆ ಜೋಡಿಸಿದಾಗ ಜೋಶಿ ಸರ್ ಕುರ್ಚಿಯಿಂದ ಎದ್ದ ಸದ್ದಾಯಿತು.

"ನಿಂದ್ರವ್ವಾ. ಆಂಪ್ಲಿಫೈಯರ್ ನನ್ನದು ಅಂತ ಗೊತ್ತಾತು. ಈ ಪೆಟ್ಟಿಗಿ ಯಾವುದು? ನಂದು ಇಷ್ಟು ಸ್ವಚ್ಛ ಎಂದೂ ನುಡದಿಲ್ಲ."

"ಕಡೀಕ ಹೇಳ್ತೇನ್ರಿ" ಎಂದೆ. ಪರದೆಯ ಹಿಂದೆ ನನ್ನ ಮುಖ ಅವರಿಗೆ ಕಾಣದಿದ್ದದ್ದು ಒಳ್ಳೆಯದಾಯಿತು.

ಕೊನೆಗೆ ಬಸಮ್ಮನ ಸರದಿ. ಒಂದೇ ಪದವನ್ನು ಮೂರು ಸಲ ಹಾಡಿದಳು, ಮೂರು ಜೋಡಿಯ ಜತೆ. ಮೂರನೆಯ ಸಲ ಅವಳು ಏಕತಾರಿಯನ್ನು ಎದೆಗೆ ಹತ್ತಿರ ತಂದುಕೊಂಡು, ಕೊನೆಯ ಸಾಲನ್ನು ಎರಡು ಸಲ ಹೆಚ್ಚಿಗೆ ಹಾಡಿದಳು. ಯಾವುದು ಇಡೋಣ ಎಂದು ಸರ್ ಅವಳನ್ನೇ ಕೇಳಿದರು.

"ಮೊದಲಿನ ಎರಡೂ ನನ್ನ ಮುಂದ ಹೋಗ್ತಾವ್ರಿ ಸರ. ಪದ ಅವ ಹಾಡಿಧಂಗ ಆಗ್ತೈತಿ. ಈ ಕಡೀದು ನನ್ನ ಬೆನ್ನಿಗಿ ನಿಂದರ್ತೈತಿ."

ಪ್ರಕಾಶರು ಗಿಟಾರು ಕೆಳಗಿಟ್ಟು ಹೇಳಿದರು. "ಈ ಮೂರನೇದ್ದನ್ನ ನಾ ಎಲ್ಲೋ ಬಾರಿಸೇನ್ರಿ ಸರ್. ಸಣ್ಣಾಂವಿದ್ದಾಗ. ಇಳಕಲ್ಲಿನ್ಯಾಗ ಒಂದು ಮಗ್ಗದ ಮನ್ಯಾಗ ತಾಲೀಮು ಮಾಡಿದ್ದಿವಿ, ಅಲ್ಲೆ ಹಿಂಗ ನುಡದಿತ್ತು."

ನಾನು ಪರದೆ ಸರಿಸಿದೆ. ನೀಲಿ ಚೌಕುಳಿಯ ಬಟ್ಟೆ ನೋಡಿದ್ದೇ ಪ್ರಕಾಶರು ಎದ್ದು ಹೊರಗೆ ಹೋದರು. ಮಾಮಾನ ಕೈ ಹಿಡಿದು ಒಳಗೆ ಕರೆತಂದರು. ಇಬ್ಬರೂ ಪೆಟ್ಟಿಗೆಯ ಮುಂದೆ ನಿಂತ ಮೇಲೆ ಪ್ರಕಾಶರೇ ಮಾತು ತೆಗೆದರು.

"ನಿಮಗ ಅವತ್ತ ಹೇಳಬೇಕಾಗಿತ್ರಿ. ಹೇಳಲಿಕ್ಕೆ ನನಗ ಧೈರ್ಯ ಇರ್ಲಿಲ್ಲ. ತಾಲೀಮಿನ್ಯಾಗ ಬಂಗಾರದಂಗ ಇತ್ತು. ಸ್ಟೇಜಿನ ಮ್ಯಾಲ ಯಾಕ ಕೈ ಕೊಟ್ಟಿತು?"

ಮಾಮಾ ಬಟ್ಟೆಯ ಮೇಲಿನ ಧೂಳು ಒರೆಸುತ್ತ, "ನನ್ನ ತಪ್ಪರಿ. ಒಂದು ಸಾಕೆಟ್ ಸರಿ ಹಾಕಿರ್ಲಿಲ್ಲ" ಎಂದರು.

ಜೋಶಿ ಸರ್ ತಮ್ಮ ಅಮೆರಿಕದ್ದನ್ನು ಬೇರೆ ಕೋಣೆಗೆ ಸಾಗಿಸಿದರು. ಬಸಮ್ಮನ ಧ್ವನಿಮುದ್ರಣ ಮಾಮಾನ ಜೋಡಿಯಲ್ಲೇ ಎಂದು ನಿಶ್ಚಯವಾಯಿತು. ಮಾಮಾ ಒಂದೇ ಒಂದು ಕರಾರು ಹಾಕಿದರು, ಖಂಡೇಪೂಜೆಗೆ ಅದು ಪ್ರತಿ ವರ್ಷ ಮನೆಗೆ ಬರಬೇಕು, ಈ ವರ್ಷದಿಂದಲೇ. ಎಲ್ಲರೂ ಪೆಟ್ಟಿಗೆಯನ್ನೇ ಹೊಗಳಿದ್ದು ಅವರಿಗೆ ಸ್ವಲ್ಪ ಚುಚ್ಚಿತ್ತು. ಊಟಕ್ಕೆ ಕೂತಾಗ, "ಮೌನೇಶ ಇದ್ದಿದ್ರ ಇವತ್ತು ಅಂವನ್ನ ಹಿಡಿಯೋರಿರ್ತಿರ್ಲಿಲ್ಲ. ಕಟ್ಟಿಗಿ ಕಟ್ಟಿದಾಂವಗ ಕೀರ್ತಿ, ತಂತಿ ಸುತ್ತಿದಾಂವಗ ಸಾರು" ಎಂದರು. ಜೋಶಿ ಸರ್ ಇನ್ನೊಂದು ಹೋಳಿಗೆ ಬಡಿಸಿದರು.

ತಿರುಗಿ ಬರುವಾಗ ಟೆಂಪೋದಲ್ಲಿ ಸಾಮಾನಿಲ್ಲ, ಬರೀ ಕೌದಿ. ಮಾಮಾನ ತೊಡೆಯ ಮೇಲೆ ಖಾಲಿ ರೊಟ್ಟಿ ಡಬ್ಬಿ. ಸೂರ್ಯಕಾಂತಿ ಹೊಲಗಳ ಮೇಲೆ ಸಂಜೆ ಬಿಸಿಲು ಬಿದ್ದಿತ್ತು. ಮಾಮಾ ಎಲ್ಲರೆದುರು ತಪ್ಪನ್ನು ತಮ್ಮ ಮೇಲೆ ಹಾಕಿಕೊಂಡದ್ದು ನನಗೆ ನುಂಗಲಾಗಿರಲಿಲ್ಲ. ತಡೆಯಲಾರದೆ ಹೇಳಿಬಿಟ್ಟೆ.

"ಮಾಮಾ, ತಪ್ಪು ನಿಮ್ಮದಲ್ರಿ. ಸಾಕೆಟ್ಟಿನ್ಯಾಗ ಕಾಯಿನೀರು ಇಳದಿತ್ತು. ನಾ ನನ್ನ ಕಣ್ಣಿಲೆ ನೋಡೇನಿ, ಕುಂಕುಮ ಇತ್ತು. ನಿಮಗ ಬ್ಯಾಸರ ಆದೀತಂತ ಹೇಳಲಿಲ್ಲ."

ಮಾಮಾ ಹೊಲ ನೋಡುತ್ತಲೇ ಇದ್ದರು. ಮುಖದಲ್ಲಿ ಆಶ್ಚರ್ಯದ ಸುಳಿವಿಲ್ಲ. ಆಗ ನನಗೆ ಆ ಡ್ರಾವರು, ಹಳದಿ ಪೇಪರು, ಆನೆಯ ಚಿತ್ರ ಎಲ್ಲ ಒಮ್ಮೆಲೇ ಕಣ್ಣೆದುರು ಬಂದವು.

"ಆ ಪಿಂಗಾಣಿ ಸಾಕೆಟ್ಟು ಯಾವಾಗ ತಂದಿದ್ರಿ ಮಾಮಾ?"

"ಅವತ್ತಿನ ದಸರಿ ಮುಗದ ನಾಕನೇ ದಿನಕ್ಕ."

"ಅಂದ್ರ ನಿಮಗ ಗೊತ್ತಿತ್ತು?"

"ಮನಿಗೆ ತಂದು ತಗದ ಕೂಡ್ಲೇ ಗೊತ್ತಾತವ್ವ. ಹುಬ್ಬಳ್ಳಿಗೆ ಹೋಗಿ ಸಾಕೆಟ್ ತಂದೆ. ಹಾಕೂಣು ಅಂತ ಕುಂತ್ರ, ಅವ್ವ ಮಗ್ಗದ ಮ್ಯಾಲ ಕುಂತು ನೋಡ್ಲಿಕ್ಕಿ ಹತ್ತಿದ್ಲು. ಏನ್ ಕೆಟ್ಟಿತ್ತೋ ಅಪ್ಪಾ ಅಂದ್ಲು. ಆಕಿ ಮುಂದ ನಾ ಎಂದೂ ಸುಳ್ಳ ಹೇಳಿದಾಂವಲ್ಲ. ಖರೆ ಹೇಳಿದ್ರ ಆಕಿ ಮತ್ತ ಜೀವಮಾನದಾಗ ಒಂದು ಕಾಯಿ ಒಡೀತಿರ್ಲಿಲ್ಲ. ನನ್ನ ಪೂಜಿಯಿಂದ ಪಾರಾತು ಅಂತ ಊರ ತುಂಬ ಹೇಳ್ಕೊಂಡು ಬಂದಿದ್ಲು." ಮಾಮಾ ಡಬ್ಬಿಯ ಮುಚ್ಚಳ ತೆಗೆದು ಮತ್ತೆ ಹಾಕಿದರು. "ಕೌದಿ ಮುಚ್ಚಿ ಇಟ್ಟೆ. ಜನ ಡಬ್ಬಿ ಅಂದ್ರ ಅನ್ಲಿ, ಅದೇನು ದೊಡ್ಡ ಮಾತು?"

ನಾನು ಅತ್ತೆ. ಅಳು ಬಂದದ್ದು ದುಃಖಕ್ಕಲ್ಲ. ಇಂಥ ಮನುಷ್ಯನ ಸೋದರಸೊಸೆ ನಾನು ಎಂಬ ಹೆಮ್ಮೆ ಎದೆಯಲ್ಲಿ ಹಿಡಿಸದೆ ಹಾಗಾಯಿತು. ಮೂವತ್ತು ವರ್ಷ ತಮ್ಮ ಕೈಗುಣಕ್ಕೆ ಬಂದ ಕಳಂಕವನ್ನು ಒರೆಸುವ ಔಷಧ ಡ್ರಾವರಿನಲ್ಲಿಟ್ಟುಕೊಂಡು, ತಾಯಿ ಇರುವ ತನಕ ಅದನ್ನು ಮುಟ್ಟದೆ ಮೋಟಾರು ಸುತ್ತಿದವರು. ಲ್ಯಾಬಿನಲ್ಲಿ ರಾಳದ ಹೊಗೆ ಮೂಗಿಗೆ ಬಡಿದಾಗಲೆಲ್ಲ ನನಗೆ ಬೆನ್ನು ನೆಟ್ಟಗಾಗುವುದು ಇದಕ್ಕೆ.

ಆ ವರ್ಷದ ಖಂಡೇಪೂಜೆಗೆ ಟೆಂಪೋ ಅದನ್ನು ಮನೆಗೆ ತಂದಿತು. ಆಯಿಯ ಮಗ್ಗದ ಪಕ್ಕ ಇಟ್ಟೆವು. ವಿಭೂತಿ, ಕುಂಕುಮ, ಹೂವು ಎಲ್ಲ ಆಯಿತು. ಆಯಿಯ ಜಾಗದಲ್ಲಿ ಕಾಯಿ ಒಡೆಯಲು ಮಾಮಾ ನನಗೆ ಹೇಳಿದರು. ನಾನು ಒಡೆದು, ಎರಡೂ ಹೋಳನ್ನು ಗಟ್ಟಿಯಾಗಿ ಹಿಡಿದು ಆಂಪ್ಲಿಫೈಯರಿನಿಂದ ಮೂರು ಮಾರು ದೂರ ನಿಂತೆ. ಮಾಮಾ ನಕ್ಕರು. ಒಳಗೆ ಹೋಗಿ ಆಯಿ ಉಣ್ಣುತ್ತಿದ್ದ ಹಿತ್ತಾಳೆಯ ತಾಟು ತಂದು ವಾಲ್ವುಗಳ ಮೇಲಿನ ಜಾಲರಿ ಪೂರ್ತಿ ಮುಚ್ಚುವಂತೆ ಇಟ್ಟರು.

"ಬಾ, ಈಗ ಹಾಕು. ಅವ್ವ ಹಾಕಿದಷ್ಟ ಹಾಕು."

ಕಾಯಿನೀರು ತಾಟಿನಲ್ಲಿ ತುಂಬಿ ನಿಂತಿತು. ಒಂದು ಹನಿಯೂ ಕೆಳಗೆ ಇಳಿಯಲಿಲ್ಲ. ಮಾಮಾ ಅದರಲ್ಲಿ ಬೆರಳದ್ದಿ ಕಣ್ಣಿಗೆ ಒತ್ತಿಕೊಂಡು, ಖಾಲಿ ಮಗ್ಗದ ಕಡೆ ನೋಡಿ, "ಇಷ್ಟ ನೋಡಬೇ ಅವ್ವಾ, ಒಂದು ತಾಟು ಇಟ್ಟಿದ್ರ ಆಗ್ತಿತ್ತು" ಎಂದರು.